ಹತ್ತು ಅಡಿ ಮೂರು ಇಂಚು

"ಎಂಟನೇ ಕ್ಲಾಸು ದಾಟದ ತಲೆ ಇದು. ಇದಕ್ಕೆ ಸ್ಪ್ಯಾನರ್ ಹಿಡಿಸುತ್ತೆ, ಪುಸ್ತಕ ಹಿಡಿಸಲ್ಲ."

ಹಾಗೆಂದು ಮ್ಯಾನೇಜರ್ ತನ್ನ ಕೈಯಲ್ಲಿದ್ದ ದಪ್ಪ ಪುಸ್ತಕದಿಂದ ಮೆಣಸಿನ ತಲೆಯ ಮೇಲೆ ಎರಡು ಸಲ ತಟ್ಟಿದ. ನೋವಾಗುವಂತೆ ಅಲ್ಲ, ಬಾಗಿಲು ತಟ್ಟಿ, ಒಳಗೆ ಯಾರಾದರೂ ಇದ್ದೀರಾ ಎಂದು ವಿಚಾರಿಸುವಂತೆ. ಸುತ್ತ ಚಹಾ ಲೋಟ ಹಿಡಿದು ನಿಂತಿದ್ದ ಮೂರು ಮನೆಯವರೂ ನಕ್ಕರು. ಚಹಾದ ಜೊತೆ ನಗುವೂ ಪುಕ್ಕಟೆ ಸಿಕ್ಕರೆ ಯಾರು ಬಿಡುತ್ತಾರೆ?

ಮೆಣಸು ಎಂಬುದು ಅವನ ಹೆಸರಲ್ಲ. ಚಿಕ್ಕ ಆಳು, ಕಪ್ಪು ಬಣ್ಣ, ಕೆಣಕಿದರೆ ಎದುರಿನವರ ಕಣ್ಣಲ್ಲಿ ನೀರು. ಅದಕ್ಕೇ ಶೆಡ್ಡಿನವರು ಇಟ್ಟ ಹೆಸರು ಅದು. ಇಪ್ಪತ್ತೆರಡು ವರ್ಷದ ಅವನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಬಾಡಿಗೆ ಇಲ್ಲದೆ ವಾಸವಾಗಿತ್ತು. ಊರಂಚಿನ ಆ ತಗಡಿನ ಶೆಡ್ಡಿನಲ್ಲಿ ಮನೆಗಾಡಿಗಳನ್ನು ಕಟ್ಟುತ್ತಿದ್ದರು. ಖಾಲಿ ವ್ಯಾನು ಒಳಗೆ ಬಂದರೆ ಮಂಚ, ಒಲೆ, ಸಿಂಕು, ಫ್ರಿಜ್ಜು, ಅಂಗೈಯಗಲದ ಬಚ್ಚಲು ಎಲ್ಲವನ್ನೂ ಹೊಟ್ಟೆಗೆ ತುಂಬಿಕೊಂಡು ಹೊರಗೆ ಹೋಗುತ್ತಿತ್ತು. ತಂತಿ, ಕೊಳವೆ, ಗ್ಯಾಸು, ಚಾವಣಿಯ ಮೇಲಿನ ಕೆಲಸ ಇವೆಲ್ಲ ಮೆಣಸಿನ ಪಾಲಿನದು.

ನಾಳೆ ಬೆಳಿಗ್ಗೆ ಹತ್ತಕ್ಕೆ ಮೂರು ಗಾಡಿಗಳನ್ನು ಮೂರು ಮನೆಯವರಿಗೆ ಒಪ್ಪಿಸಬೇಕು. ಇವತ್ತು ಅವರಿಗೆ ಗಾಡಿ ಪರಿಚಯ. ಪರಿಚಯವೆಂದರೆ ಕಂಪನಿಯ ಪುಸ್ತಕ ತೆರೆದು ಮ್ಯಾನೇಜರ್ ಗಟ್ಟಿಯಾಗಿ ಓದುವುದು. ಅವನು ಒಂದನೇ ಗಾಡಿಯ ಮುಂದೆ ನಿಂತು, ಎತ್ತರ ಒಂಬತ್ತು ಅಡಿ ಎರಡು ಇಂಚು ಎಂದು ಓದಿ, ಈ ರಸ್ತೆಯ ಮುಂದಿನ ರೈಲು ಸೇತುವೆಯ ಎತ್ತರ ಹತ್ತು ಅಡಿ, ಹಾಡು ಹೇಳಿಕೊಂಡು ಹೋಗಬಹುದು ಎಂದು ಸೇರಿಸುತ್ತಿದ್ದಾಗಲೇ ಮೆಣಸು ಅಡ್ಡ ಬಾಯಿ ಹಾಕಿದ್ದು. ಪುಸ್ತಕ ತಪ್ಪು ಸಾರ್ ಅಂದಿದ್ದ. ಅಷ್ಟಕ್ಕೇ ಪುಸ್ತಕ ಅವನ ತಲೆಯ ಮೇಲೆ ಬಂದಿತ್ತು.

ಒಂದನೇ ಗಾಡಿಯನ್ನು ಕೊಂಡಿದ್ದವರು ಒಬ್ಬ ನಿವೃತ್ತ ಬಸ್ ಡ್ರೈವರ್, ಅವರ ಹೆಂಡತಿ ನಿವೃತ್ತ ನರ್ಸು. ಮೂವತ್ತೊಂದು ವರ್ಷ ಗಂಡನದು ಹಗಲು ಪಾಳಿ, ಹೆಂಡತಿಯದು ರಾತ್ರಿ ಪಾಳಿ. ಒಬ್ಬರು ಚಪ್ಪಲಿ ಬಿಡುವಾಗ ಇನ್ನೊಬ್ಬರು ಮೆಟ್ಟಿಕೊಳ್ಳುತ್ತಿದ್ದರು. ಜೊತೆಯಲ್ಲಿ ಕೂತು ಒಂದು ಊರು ನೋಡಿದವರಲ್ಲ. ಈಗ ಸಮುದ್ರದ ದಡ ಹಿಡಿದು ಒಂದು ತಿಂಗಳು ಹೋಗುವುದೆಂದು ಗೋಡೆಗೆ ನಕ್ಷೆ ಅಂಟಿಸಿಕೊಂಡಿದ್ದರು. ಇದನ್ನು ನರ್ಸಮ್ಮ ಬಂದ ಐದು ನಿಮಿಷದಲ್ಲೇ ಎಲ್ಲರಿಗೂ ಹೇಳಿಯಾಗಿತ್ತು.

ನಗು ಮುಗಿಯದೆ ಇದ್ದಾಗ ಡ್ರೈವರು ಹುಡುಗನ ಮುಖ ನೋಡಿ ಸಮಾಧಾನಕ್ಕೆಂದೇ ಹೇಳಿದರು. "ಬಿಡಪ್ಪಾ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು. ಎತ್ತರ ಅಗಲದ ಚಿಂತೆ ನನಗೆ ಬಿಡು."

ಕೈ ಹಿಡಿಯಲು ಬಂದವರನ್ನೇ ಕಚ್ಚುವುದು ಮೆಣಸಿನ ಹಳೆಯ ಚಾಳಿ. "ಬಸ್ಸು ಓಡಿಸೋದ್ರಲ್ಲಿ ಏನಿದೆ? ದಾರಿ ಯಾರೋ ಅಳೆದು ಕೊಟ್ಟಿರ್ತಾರೆ, ಟೈಮು ಯಾರೋ ಬರೆದು ಕೊಟ್ಟಿರ್ತಾರೆ. ಗಾಣದೆತ್ತಿಗೂ ಅಷ್ಟು ಬರುತ್ತೆ."

ಈ ಸಲ ಯಾರೂ ನಗಲಿಲ್ಲ. ಡ್ರೈವರು ಚಹಾ ಲೋಟವನ್ನು ಮೆಲ್ಲಗೆ ಸ್ಟೂಲಿನ ಮೇಲಿಟ್ಟರು. ಕುಡಿಯದೆ ಉಳಿದ ಅರ್ಧ ಲೋಟ ಚಹಾ ಅಲ್ಲೇ ತಣ್ಣಗಾಯಿತು. ಮ್ಯಾನೇಜರ್ ಮಾತ್ರ ತಣ್ಣಗಾಗಲಿಲ್ಲ. ನಾಳೆ ಗಾಡಿ ಒಪ್ಪಿಸುವ ತನಕ ಗಿರಾಕಿಗಳ ಮುಂದೆ ಬಾಯಿ ತೆಗೆದರೆ ಆಮೇಲೆ ಶೆಡ್ಡಿನ ಕಡೆ ತಲೆ ಹಾಕುವುದೇ ಬೇಡವೆಂದು ಎಲ್ಲರೆದುರಿಗೆ ಅಪ್ಪಣೆ ಕೊಡಿಸಿ, ಪುಸ್ತಕದ ಮುಂದಿನ ಪುಟ ತಿರುಗಿಸಿದ.

ಮೆಣಸು ದಢದಢ ಹೆಜ್ಜೆ ಹಾಕಿ ಶೆಡ್ಡಿನ ಹಿಂಭಾಗಕ್ಕೆ ಬಂದ. ಅಲ್ಲಿ ಅವನ ಸೋದರಮಾವ ಕಪಾಟಿನ ಬಾಗಿಲಿಗೆ ಉಜ್ಜುಗೊರಡು ಹೊಡೆಯುತ್ತಿದ್ದ. ಶೆಡ್ಡಿನ ಬಡಗಿ ಅವನೇ, ಮೆಣಸನ್ನು ಕರೆತಂದು ಕೆಲಸಕ್ಕೆ ಸೇರಿಸಿದವನೂ ಅವನೇ. ಮರದ ಹೊಟ್ಟಿನ ರಾಶಿಗೆ ಒಂದು ಒದೆ ಬಿತ್ತು. ಹೊಟ್ಟು ಗಾಳಿಯಲ್ಲಿ ಹಾರಿ ಇಬ್ಬರ ತಲೆಯ ಮೇಲೂ ಇಳಿಯಿತು. ಮಾವ ಕೆಲಸ ನಿಲ್ಲಿಸಲಿಲ್ಲ. ನಡೆದದ್ದನ್ನೆಲ್ಲ ಕೇಳಿಸಿಕೊಂಡ. ಪುಸ್ತಕ ಓದಿದವರ ವಂಶವನ್ನೆಲ್ಲ ಅಳಿಯ ಜಾಲಾಡಿ ಮುಗಿಸುವವರೆಗೂ ಕಾದ.

"ಎಲ್ಲಾ ಸರಿ ಅಳಿಯಾ," ಅಂದ ಆಮೇಲೆ. "ಸ್ಟಿಕ್ಕರ್ ಬರೆದ್ಯಾ?"

ಮೆಣಸು ತಲೆಯ ಮೇಲಿನ ಹೊಟ್ಟು ಕೊಡವತೊಡಗಿದ.

ಸಂಗತಿ ಇಷ್ಟೇ. ಗಾಡಿಯ ಎತ್ತರ ಎಷ್ಟೆಂದು ಸ್ಟೀರಿಂಗಿನ ಮುಂದೆ, ಓಡಿಸುವವನ ಕಣ್ಣಿಗೆ ಬೀಳುವ ಹಾಗೆ ಒಂದು ಸ್ಟಿಕ್ಕರ್ ಇರುತ್ತದೆ. ಕಂಪನಿಯವರು ಅಂಟಿಸಿ ಕಳಿಸುವುದು ಖಾಲಿ ವ್ಯಾನಿನ ಎತ್ತರ. ಶೆಡ್ಡಿನಲ್ಲಿ ಚಾವಣಿಯ ಮೇಲೆ ಏನೇ ಕೂರಿಸಿದರೂ, ಕೂರಿಸಿದವನೇ ಹೊಸದಾಗಿ ಅಳೆದು, ಹಳೆಯದರ ಮೇಲೆ ಹೊಸ ಸ್ಟಿಕ್ಕರ್ ಹಚ್ಚಿ, ಮಾರ್ಕರ್ ಪೆನ್ನಿನಲ್ಲಿ ಬರೆಯಬೇಕು. ಅದು ಅಲ್ಲಿಯ ಪದ್ಧತಿ. ಮೊದಲಿದ್ದ ಹಿರಿಯ ಮೇಸ್ತ್ರಿ ಬರೆಯುತ್ತಿದ್ದ. ಅವನು ಕೆಲಸ ಬಿಟ್ಟ ಮೇಲೆ ಮೆಣಸು ಅಳೆದು ಬಂದು ಮಾವನ ಕೈಯಲ್ಲಿ ಬರೆಸುತ್ತಿದ್ದ. ಮೊನ್ನೆ ಡ್ರೈವರ ಗಾಡಿಯ ಮೇಲೆ ಏಸಿ ಕೂರಿಸಿದ ದಿನ ಮಾವ ರಜೆ ಹಾಕಿದ್ದ. ಸೋರಬಾರದೆಂದು ಕೆಳಗೆ ಒಂದು ಚೌಕಟ್ಟು ಕೊಟ್ಟು, ಅದರ ಮೇಲೆ ಏಸಿಯ ಪೆಟ್ಟಿಗೆ. ಒಟ್ಟು ಹದಿಮೂರು ಇಂಚು. ಮೆಣಸು ಅಳೆದಿದ್ದ, ಮನಸ್ಸಿನಲ್ಲಿಟ್ಟುಕೊಂಡಿದ್ದ. ಬರೆದಿರಲಿಲ್ಲ.

ಅವನಿಗೆ ಬರೆಯಲು ಬರುವುದಿಲ್ಲವೆಂದಲ್ಲ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಅವನ ನೋಟುಬುಕ್ಕನ್ನು ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ, ಶಾಯಿಯಲ್ಲಿ ಬಿದ್ದ ಇರುವೆ ಮನೆಗೆ ಹೋದ ದಾರಿ ನೋಡಿ ಎಂದು ಇಡೀ ಕ್ಲಾಸಿಗೆ ತೋರಿಸಿದ್ದರು. ನಲವತ್ತು ಜನ ನಕ್ಕಿದ್ದರು. ಅವನು ಅಂದೇ ಚೀಲ ಎತ್ತಿಕೊಂಡು ಹೊರಗೆ ಬಂದವನು ತಿರುಗಿ ಹೋಗಲಿಲ್ಲ. ಆಮೇಲೆ ನಾಲ್ಕು ಜನ ನೋಡುವ ಕಡೆ ಅವನು ಒಂದು ಅಂಕಿಯನ್ನೂ ಬರೆದವನಲ್ಲ. ಈ ಲೋಕದಲ್ಲಿ ಮೇಷ್ಟ್ರುಗಳಿಗೆ ಒಂದು ಮಾತು ಆಡಿ ಮರೆಯುವುದಕ್ಕೆ ಸಂಬಳ ಕೊಡುತ್ತಾರೆ, ಅದನ್ನು ಹೊತ್ತುಕೊಂಡು ತಿರುಗುವವರಿಗೆ ಯಾರೂ ಏನೂ ಕೊಡುವುದಿಲ್ಲ.

"ಹಾಗಾದ್ರೆ ಪುಸ್ತಕ ತಪ್ಪಲ್ಲ," ಮಾವ ಹಲಗೆಯ ಅಂಚಿಗೆ ಕಣ್ಣು ಹಿಡಿದು ನೋಡುತ್ತ ಹೇಳಿದ. "ಪುಸ್ತಕದಲ್ಲಿರೋದು ಹುಟ್ಟಿದಾಗಿನ ಎತ್ತರ. ಟೋಪಿ ಹಾಕಿದವನು ನೀನು. ಹೇಳಬೇಕಾದವನೂ ನೀನೇ."

ಮೆಣಸು ಸೇತುವೆಯ ಕಡೆ ತಿರುಗಿ ಲೆಕ್ಕ ಹಾಕಿದ. ನಾಳೆ ಹತ್ತೂ ಕಾಲಿಗೆ ಡ್ರೈವರು ಸೇತುವೆಯ ಬೋರ್ಡು ನೋಡುತ್ತಾರೆ, ಹತ್ತು ಅಡಿ. ಮುಂದಿನ ಸ್ಟಿಕ್ಕರ್ ನೋಡುತ್ತಾರೆ, ಒಂಬತ್ತು ಅಡಿ ಎರಡು ಇಂಚು. ಧೈರ್ಯವಾಗಿ ಒಳಗೆ ನುಗ್ಗುತ್ತಾರೆ. ಕಬ್ಬಿಣದ ತೊಲೆ ಏಸಿಯನ್ನು ಕಿತ್ತು, ಚಾವಣಿಯನ್ನು ತಗಡಿನ ಡಬ್ಬಿಯ ಮುಚ್ಚಳದಂತೆ ಹಿಂದಕ್ಕೆ ಸುರುಳಿ ಸುತ್ತುತ್ತದೆ. ಮೂವತ್ತೊಂದು ವರ್ಷ ಕಾದ ಪ್ರಯಾಣ ಇನ್ನೂರು ಹೆಜ್ಜೆಗೆ ಮುಗಿಯುತ್ತದೆ. ಒಳಗೆ ಕೂತವರ ತಲೆ ಉಳಿದರೆ ಅದು ಅವರ ಪುಣ್ಯ.

ಅಷ್ಟರಲ್ಲಿ ಬಾಗಿಲಲ್ಲಿ ನರ್ಸಮ್ಮ ಕಾಣಿಸಿಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ವಾರ್ಡಿಗೆ ರೌಂಡಿಗೆ ಬಂದವರ ಹಾಗೆ ಮಂಚ, ಹಲಗೆ, ಮನುಷ್ಯರನ್ನೆಲ್ಲ ಒಮ್ಮೆ ನೋಡಿದರು.

"ಏನೋ ಹೇಳೋಕೆ ಬಂದಿದ್ದೆಯಲ್ಲಪ್ಪ. ಬೈದಾಡಿ ಮುಗಿದಿದ್ರೆ ಅದನ್ನ ಹೇಳು."

ತಮ್ಮ ಗಂಡನಿಗೆ ಅಂಥ ಮಾತಂದವನ ಹತ್ತಿರ ಇವರೇ ಬಂದದ್ದು ನೋಡಿ ಮೆಣಸಿಗೆ ನಾಲಿಗೆ ಹೊರಳಲಿಲ್ಲ. ಹೇಳುವುದಕ್ಕಿಂತ ತೋರಿಸುವುದು ಸುಲಭ ಅನ್ನಿಸಿತು. ಹಿಂದಿನ ಬಾಗಿಲಿನಿಂದ ಅವರನ್ನು ಗಾಡಿಯ ಹತ್ತಿರ ಕರೆದೊಯ್ದ.

ಕಾಗದದ ಮೇಲೆ ಪಟ್ಟಿ ಬರೆಯದವನು ಪಟ್ಟಿಯನ್ನೆಲ್ಲ ತನ್ನ ಕೈಗೇ ಕಲಿಸಿಟ್ಟಿದ್ದ. ಗಾಡಿ ಹೊರಡುವ ಮುಂಚೆ ಒಂದು ಸುತ್ತು, ಎಡಗಡೆಯಿಂದ ಶುರು, ಪ್ರತಿಯೊಂದನ್ನೂ ಕೈಯಲ್ಲಿ ಮುಟ್ಟಿಯೇ ಮುಂದಕ್ಕೆ ಹೋಗಬೇಕು. ನೋಡಿದೆ ಅಂದರೆ ಲೆಕ್ಕಕ್ಕಿಲ್ಲ, ಕಣ್ಣು ನಿನ್ನೆ ನೋಡಿದ್ದನ್ನೇ ಇವತ್ತೂ ನೋಡಿದೆ ಅಂತ ಸುಳ್ಳು ಹೇಳುತ್ತದೆ ಎಂದು ಅವನ ವಾದ. ಗ್ಯಾಸಿನ ಸಿಲಿಂಡರ್ ತಿರುಗಿಸಿ ಮುಚ್ಚಿದೆಯಾ, ಮುಟ್ಟು. ಕಪಾಟಿನ ಚಿಲಕ ಎಳೆದು ನೋಡು. ಫ್ರಿಜ್ಜಿನ ಕೊಕ್ಕೆ. ಚಾವಣಿಯ ಗಾಳಿ ಕಿಟಕಿ. ಕರೆಂಟಿನ ವೈರು ಕಿತ್ತು ಸುತ್ತಿಟ್ಟಾಯಿತಾ. ಮೆಟ್ಟಿಲು ಮಡಚಿತಾ. ನೀರಿನ ಮುಚ್ಚಳ. ಗಾಲಿಗೆ ಅಡ್ಡ ಕೊಟ್ಟ ಮರದ ತುಂಡು, ಅದನ್ನು ಎತ್ತಿಕೊಳ್ಳುವುದೇ ಕೊನೆಗೆ.

ಮಾತು ಬಾರದೆ ಶುರುವಾದವನಿಗೆ ಕೈ ಆಡತೊಡಗಿದ ಮೇಲೆ ಮಾತು ತಾನಾಗಿ ಬಂತು. ಭಾರವಾದದ್ದೆಲ್ಲ ಕೆಳಗೆ, ಎರಡು ಗಾಲಿಗಳ ನಡುವೆ. ಮೇಲಿನ ಕಪಾಟಿಗೆ ಬಟ್ಟೆ, ಟವೆಲ್ಲು ಅಷ್ಟೇ, ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ಕುಡಿದವನ ಹಾಗೆ ವಾಲುತ್ತದೆ. ನೀರಿನ ಟ್ಯಾಂಕು ಕಂಠಮಟ್ಟ ತುಂಬಿಸಿಕೊಂಡು ಓಡಾಡಬೇಡಿ, ಅರ್ಧ ಸಾಕು, ತಂಗುವ ಊರಿನ ಹತ್ತಿರ ತುಂಬಿಸಿಕೊಳ್ಳಿ. ನಿಲ್ಲಿಸುವ ಕಡೆ ನೆಲ ಸಮ ಇರಲಿ. ಗಾಡಿ ಓರೆ ನಿಂತರೆ ಫ್ರಿಜ್ಜು ಮುನಿಸಿಕೊಳ್ಳುತ್ತದೆ, ರಾತ್ರಿಯೆಲ್ಲ ಒಬ್ಬರ ಮೇಲೊಬ್ಬರು ಉರುಳುತ್ತೀರಿ. ಅಡುಗೆ ಮಾಡುವಾಗ ಎಷ್ಟೇ ಚಳಿ ಇದ್ದರೂ ಒಂದು ಕಿಟಕಿ ತೆರೆದಿರಲಿ. ಮೊದಲನೇ ಸಲ ಅರ್ಧ ಗಂಟೆ ದೂರಕ್ಕೆ ಹೋಗಿ ಒಂದು ದಿನ ಇದ್ದು ಬನ್ನಿ. ಮನೆಯಲ್ಲಿ ಏನು ಮರೆತಿರಿ, ಏನನ್ನು ಸುಮ್ಮನೆ ಹೊತ್ತುಕೊಂಡು ಬಂದಿರಿ, ಎರಡೂ ಗೊತ್ತಾಗುತ್ತದೆ.

"ಮತ್ತೆ ರಿವರ್ಸ್ ತೆಗೆಯುವಾಗ ಬಾಯಲ್ಲಿ ಹೇಳಬೇಡಿ ಅಮ್ಮಾ, ಕೈಯಲ್ಲಿ ಹೇಳಿ. ಕನ್ನಡಿಯಲ್ಲಿ ನಿಮ್ಮ ಮುಖ ಕಾಣಿಸಲಿಲ್ಲ ಅಂದ್ರೆ ಅವರು ಗಾಡಿ ನಿಲ್ಲಿಸಬೇಕು. ಇಲ್ಲಿಂದ ಹೋದ ಗಂಡ ಹೆಂಡಿರಲ್ಲಿ ಅರ್ಧ ಜನ ಮೊದಲನೇ ದಿನ ಮಾತು ಬಿಟ್ಟಿರೋದು ರಿವರ್ಸಿನಲ್ಲೇ."

ನರ್ಸಮ್ಮ ನಕ್ಕರು. ಮೂವತ್ತು ವರ್ಷ ಜಗಳವಾಡಲು ಒಟ್ಟಿಗೆ ಸಮಯ ಸಿಕ್ಕಿರಲಿಲ್ಲ, ಅದೂ ಒಂದು ಆಗಿಹೋಗಲಿ ಎಂದರು. ಅವರಿಗೆ ಈ ಮುಟ್ಟುವ ಸುತ್ತು ಬಹಳ ಹಿಡಿಸಿತು. ಆಪರೇಷನ್ ಕೋಣೆಯಲ್ಲಿ ಹೊಲಿಗೆ ಹಾಕುವ ಮುಂಚೆ ತಾವೂ ಹೀಗೇ ಬಟ್ಟೆಯ ತುಂಡು, ಕತ್ತರಿಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದೆವು, ಎಷ್ಟು ದೊಡ್ಡ ಡಾಕ್ಟರಾದರೂ ಎಣಿಕೆ ಮುಗಿಯುವವರೆಗೆ ಸೂಜಿ ಹಿಡಿದು ಕಾಯಬೇಕಿತ್ತು ಎಂದು ಹೇಳಿದರು. ಆಮೇಲೆ ಸ್ಟೀರಿಂಗಿನ ಹತ್ತಿರ ಬಂದು, ಸ್ಟಿಕ್ಕರಿನ ಮೇಲೆ ಬೆರಳಿಟ್ಟರು. ಇದನ್ನೂ ಮುಟ್ಟಿದ್ದೇನೆ, ಇದು ಸರಿಯಾ ಎಂದು ಕೇಳಿದರು.

ಮೆಣಸು ಮಾವನ ಹತ್ತು ಅಡಿಯ ಮರದ ಪಟ್ಟಿ ತಂದು ಗಾಡಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದ. ಪಟ್ಟಿ ಮುಗಿದ ಮೇಲೂ ಏಸಿಯ ಪೆಟ್ಟಿಗೆ ಮೂರು ಬೆರಳು ಮೇಲಕ್ಕೆ ಚಾಚಿಕೊಂಡಿತ್ತು. ಅದನ್ನು ಕಂಡು ನರ್ಸಮ್ಮನ ಎದೆ ಧಸಕ್ಕೆಂದಿರಬೇಕು. ಆದರೆ ಅವರು ಕಿರುಚುವ ಕಸುಬಿನವರಲ್ಲ.

"ನಾನು ಬರೀಬೇಕಿತ್ತು," ಅಂದ ಮೆಣಸು, ನೆಲ ನೋಡುತ್ತ. "ಬರೀಲಿಲ್ಲ. ನನ್ನ ಅಕ್ಷರ ಚೆನ್ನಾಗಿಲ್ಲ."

"ನಮ್ಮಲ್ಲಿ ಎಣಿಸಿದ್ದನ್ನ ಬೋರ್ಡಿನ ಮೇಲೆ ಬರೀದಿದ್ರೆ ಎಣಿಸೇ ಇಲ್ಲ ಅಂತ ಅರ್ಥ." ಬೈಗುಳವಲ್ಲ, ಔಷಧಿಯ ಅಳತೆ ಹೇಳಿದ ಹಾಗಿತ್ತು ಆ ಮಾತು. ಆಮೇಲೆ ಸೇರಿಸಿದರು. "ಮೂವತ್ತು ವರ್ಷ ಡಾಕ್ಟರುಗಳ ಅಕ್ಷರ ಓದಿ ರೋಗಿಗಳನ್ನ ಬದುಕಿಸಿದವಳು ನಾನು. ನಿನ್ನ ಅಕ್ಷರಕ್ಕೆ ಹೆದರ್ತೀನಾ?"

ಇಪ್ಪತ್ತೆರಡು ವರ್ಷದಲ್ಲಿ ಅವನ ಅಕ್ಷರದ ವಿಷಯಕ್ಕೆ ಅವನಿಗೇ ನಗು ಬಂದದ್ದು ಅದೇ ಮೊದಲು. ಆದರೆ ನಗು ತುಟಿಗೆ ಬರುವಷ್ಟರಲ್ಲಿ ಡ್ರೈವರು ಹುಡುಕಿಕೊಂಡು ಬಂದರು. ಹೆಂಡತಿ ಪಟ್ಟಿ ತೋರಿಸಿದರು, ಪೆಟ್ಟಿಗೆ ತೋರಿಸಿದರು. ಡ್ರೈವರು ಜಪ್ಪಯ್ಯ ಅಂದರೂ ತಲೆಯೆತ್ತಲಿಲ್ಲ. ಶೆಡ್ಡಿನ ನೆಲ ಓರೆಯಿರಬೇಕು, ಪಟ್ಟಿ ಗಿಡ್ಡ ಇರಬೇಕು, ಅಷ್ಟು ದೊಡ್ಡ ಕಂಪನಿಗಿಂತ ಇವನಿಗೆ ಹೆಚ್ಚು ಗೊತ್ತಾ ಎಂದರು. ನಿಜವಾದ ಮಾತು ಕೊನೆಗೆ ಬಂತು. ಗಾಣದೆತ್ತಿನ ಗಾಡಿ ಮೇಲೆ ಇವನು ಒಂದು ಗೀಟೂ ಎಳೆಯುವುದು ಬೇಡ ಎಂದು ಹೇಳಿ ಸರಸರ ಹೊರಟೇಬಿಟ್ಟರು.

ಮೆಣಸು ಅಲ್ಲೇ ನಿಂತ. ಪುಸ್ತಕದಿಂದ ತಟ್ಟಿಸಿಕೊಂಡ ತಲೆ ಇನ್ನೂ ಉರಿಯುತ್ತಿತ್ತು. ಆದರೆ ಅದಕ್ಕಿಂತ ಆ ಅರ್ಧ ಲೋಟ ಚಹಾ ಅವನನ್ನು ಹೆಚ್ಚು ಸುಟ್ಟಿತು. ಮೇಷ್ಟ್ರು ನಲವತ್ತು ಜನರೆದುರಿಗೆ ಮಾಡಿದ್ದನ್ನು ಅವನು ಮೂರು ಮನೆಯವರೆದುರಿಗೆ ಮಾಡಿದ್ದ. ಅವನು ಹದಿಮೂರನೇ ವಯಸ್ಸಿಗೆ ಚೀಲ ಎತ್ತಿಕೊಂಡು ಹೊರನಡೆದಿದ್ದರೆ, ಈ ಮನುಷ್ಯ ಅರವತ್ತನೇ ವಯಸ್ಸಿಗೆ ಚಹಾ ಬಿಟ್ಟು ಹೊರನಡೆದಿದ್ದ. ಅಷ್ಟೇ ವ್ಯತ್ಯಾಸ.

ಗೇಟಿನ ತನಕ ಹೋಗಿದ್ದ ನರ್ಸಮ್ಮ ಏನೋ ಮರೆತವರಂತೆ ತಿರುಗಿ ಬಂದರು. ಬೆಳಿಗ್ಗೆ ಏಳಕ್ಕೆ, ಮ್ಯಾನೇಜರ್ ಬರುವ ಮುಂಚೆ, ಕೈ ಪಳಗಿಸಿಕೊಳ್ಳುವ ನೆಪದಲ್ಲಿ ಯಜಮಾನರನ್ನು ಕರೆತರುತ್ತೇನೆ ಎಂದರು. "ಅವರಿಗೆ ಜನ ಹೇಳಿದ್ದು ಕೇಳಿಸಲ್ಲ. ಗಾಡಿ ಹೇಳಿದ್ದು ಕೇಳಿಸುತ್ತೆ. ಬಸ್ಸಲ್ಲಿ ಒಂದು ನಟ್ಟು ಸಡಿಲ ಆದ್ರೂ ನಿದ್ದೇಲಿ ಎದ್ದು ಕೂರೋ ಮನುಷ್ಯ."

ಮಾವ ಅಳಿಯ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಲೆಯಲ್ಲಿ ಪಾಲಿಶಿನ ಖಾಲಿ ಡಬ್ಬಿಗಳು ಬಿದ್ದಿದ್ದವು.

ಬೆಳಿಗ್ಗೆ ಏಳಕ್ಕೆ ಸೂರ್ಯ ಆಗಷ್ಟೇ ತಗಡಿನ ಮೇಲೆ ಕೈಯಿಟ್ಟಿದ್ದ. ಶೆಡ್ಡಿನ ಬೀಗ ತೆಗೆಯುವುದು ದಿನವೂ ಮಾವನ ಕೆಲಸ. ಗಿರಾಕಿಗಳು ಅಂಗಳದಲ್ಲಿ ಗಾಡಿ ಓಡಿಸಿ ನೋಡುವುದೂ ಹೊಸದಲ್ಲ. ಗೇಟಿನ ಎರಡು ಕಂಬಗಳ ನಡುವೆ ಒಂದು ಹಗ್ಗ. ಹಗ್ಗದಿಂದ ಆರು ಡಬ್ಬಿ. ಡಬ್ಬಿಗಳ ತಳ ನೆಲದಿಂದ ಹತ್ತು ಅಡಿಗೆ ಸರಿಯಾಗಿರುವಂತೆ ಮಾವ ಟೇಪಿನಲ್ಲಿ ಅಳೆದು, ರಸಮಟ್ಟ ಹಿಡಿದು ಮೂರು ಸಲ ನೋಡಿದ್ದ. ನೆಲ ಓರೆಯೆಂಬ ಮಾತಿಗೆ ಈ ಸಲ ಜಾಗವಿರಲಿಲ್ಲ.

"ಇದೇನು, ಮದುವೆ ಮನೆಯೇ?" ಎಂದರು ಡ್ರೈವರು, ಡಬ್ಬಿಗಳನ್ನು ನೋಡಿ.

ಸೇತುವೆ ಹತ್ತು ಅಡಿಯಂತೆ, ಡಬ್ಬಿಯೂ ಹತ್ತು ಅಡಿಯಂತೆ, ನಿಮ್ಮ ಲೆಕ್ಕದಲ್ಲಿ ಇನ್ನೂ ಹತ್ತು ಇಂಚು ಜಾಗ ಮಿಗುತ್ತದಲ್ಲ, ಒಂದು ಸಲ ಆಚೆ ಹೋಗಿ ಬನ್ನಿ ಎಂದು ನರ್ಸಮ್ಮ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಡ್ರೈವರು ಮೆಣಸಿನ ಕಡೆ ನೋಡದೆ ಹತ್ತಿದರು. ಗಾಡಿ ಕದಲಿತು. ಅಬ್ಬಾ, ಎಂಥ ಕೈ ಅದು. ಅಷ್ಟು ದೊಡ್ಡ ಗಾಡಿ ತುಂಬಿದ ಬಿಂದಿಗೆ ಹೊತ್ತವಳ ಹಾಗೆ ಅಲುಗದೆ ಸಾಗಿತು. ಮೆಣಸು ನೋಡುತ್ತ ನಿಂತ. ಗಾಣದೆತ್ತಿಗೆ ಅಷ್ಟು ಬರುವುದಿಲ್ಲ.

ಮುಂದಿನ ಗಾಜು ಡಬ್ಬಿಗಳ ಕೆಳಗೆ ಸಲೀಸಾಗಿ ದಾಟಿತು. ಅರ್ಧ ಗಾಡಿ ದಾಟಿತು. ಆಮೇಲೆ ಢಣ್. ಢಣಢಣ ಢಣ್.

ಎರಡನೇ ಸದ್ದು ಮುಗಿಯುವುದರೊಳಗೆ ಗಾಡಿ ನಿಂತಿತ್ತು. ಡ್ರೈವರು ಎಂಜಿನ್ ಆರಿಸಿ, ಕೊನೆಯ ಡಬ್ಬಿಯ ಗುಂಯ್ ಎನ್ನುವ ಸದ್ದು ಪೂರ್ತಿ ಅಡಗುವ ತನಕ ಹಾಗೇ ಕೂತಿದ್ದರು. ಇಳಿದು ಬಂದು ತಲೆಯೆತ್ತಿದರು. ಆರು ಡಬ್ಬಿಗಳೂ ಏಸಿಯ ಪೆಟ್ಟಿಗೆಗೆ ಒರಗಿಕೊಂಡು ಬೆಳಗಿನ ಬಿಸಿಲು ಕಾಯಿಸುತ್ತಿದ್ದವು. ಅವರು ರಸ್ತೆಗೆ ಇಳಿದು, ಕಾಲ್ನಡಿಗೆಯಲ್ಲಿ ಸೇತುವೆಯ ಕಡೆ ಹೋದರು. ಸೇತುವೆಯ ಕೆಳಗೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಲಾರಿಗಳು ಕೆರೆದು ಹೋದ ತೊಲೆಯನ್ನು ಬಹಳ ಹೊತ್ತು ನೋಡಿದರು.

ಆ ಹೊತ್ತಿನಲ್ಲಿ ಮೆಣಸಿಗೆ ಬಾಯಿತುಂಬ ಆಡಿಕೊಳ್ಳುವ ಅವಕಾಶವಿತ್ತು. ಅವನು ಹಗ್ಗ ಬಿಚ್ಚಿದ.

ಡ್ರೈವರು ತಿರುಗಿ ಬರುವಾಗ ಅವನೇ ಎದುರಿಗೆ ಹೋದ. ಪುಸ್ತಕ ತಪ್ಪಲ್ಲ ಸಾರ್, ಪೆಟ್ಟಿಗೆ ಕೂರಿಸಿದ ಮೇಲೆ ನಾನು ಬರೆಯಬೇಕಿತ್ತು, ಬರೆಯಲಿಲ್ಲ, ನಿನ್ನೆ ಸಿಟ್ಟಿನಲ್ಲಿ ನಿಮಗೆ ಅಂದದ್ದು ನನ್ನ ಬಾಯಿಯ ಕೊಳಕು ಎಂದು ಒಂದೇ ಉಸಿರಿಗೆ ಹೇಳಿದ. ಅವನ ಜನ್ಮದಲ್ಲಿ ಅಷ್ಟು ಉದ್ದದ ತಪ್ಪೊಪ್ಪಿಗೆ ಅದೇ ಮೊದಲು. ಮುಗಿಯುವ ಹೊತ್ತಿಗೆ ಕಿವಿ ಕೆಂಪಾಗಿತ್ತು.

"ನೀನು ಅಂದಿದ್ದು ಸುಳ್ಳಲ್ಲ ಕಣಪ್ಪಾ," ಅಂದರು ಡ್ರೈವರು. "ನನ್ನ ದಾರೀನ ಯಾರೋ ಅಳೆದಿಟ್ಟಿದ್ರು. ಯಾವ ಸೇತುವೆ ಕೆಳಗೆ ನನ್ನ ಬಸ್ಸು ಹಿಡಿಸುತ್ತೆ, ಯಾವ ತಿರುವಲ್ಲಿ ತಿರುಗುತ್ತೆ ಅಂತ ಯಾರೋ ಪುಣ್ಯಾತ್ಮ ಟೇಪು ಹಿಡ್ಕೊಂಡು ಅಲೆದಿದ್ದಾನೆ. ಮೂವತ್ತೊಂದು ವರ್ಷದಲ್ಲಿ ಅವನು ಯಾರು ಅಂತ ಒಂದು ದಿನ ಕೇಳಲಿಲ್ಲ ನಾನು. ತಲೆ ಎತ್ತಿ ನೋಡೋ ಅಭ್ಯಾಸವೇ ಆಗಲಿಲ್ಲ." ಮತ್ತೊಮ್ಮೆ ಪೆಟ್ಟಿಗೆಯ ಕಡೆ ನೋಡಿದರು. "ಈಗ ಅಳೆಯೋನು ಕಣ್ಣೆದುರಿಗೇ ಸಿಕ್ಕಿದ್ದೀಯ. ಬರಿ, ಬರೆದುಬಿಡು."

ಮೆಣಸು ಜೇಬಿನಿಂದ ಮಾರ್ಕರ್ ತೆಗೆದ. ಬೆರಳು ಅದರ ಮುಚ್ಚಳದ ಮೇಲೇ ನಿಂತಿತು. ಈಗಲೇ ಬರೆದರೆ ನೋಡುವವರು ಮೂವರು, ಮೂವರೂ ನಗುವವರಲ್ಲ. ಸುಲಭ. ಅವನು ಪೆನ್ನನ್ನು ಮತ್ತೆ ಜೇಬಿಗಿಟ್ಟ.

"ಹತ್ತು ಗಂಟೆಗೆ ಬರೀತೀನಿ ಸಾರ್. ನಿಮಗೆ ಅಂದಿದ್ದು ಎಲ್ಲರೆದುರಿಗೆ. ಇದೂ ಎಲ್ಲರೆದುರಿಗೇ ಆಗಲಿ."

ಮಾವ ಕೆಮ್ಮಿದ. ಕೆಲಸ ಹೋಗುವ ಮಾತು ನೆನಪಿದೆಯಾ ಅಳಿಯಾ ಎಂದು ಆ ಕೆಮ್ಮಿನ ಅರ್ಥ. ನೆನಪಿತ್ತು.

ಹತ್ತು ಗಂಟೆಯ ತನಕ ಡ್ರೈವರು ಸುಮ್ಮನೆ ಕೂರಲಿಲ್ಲ. ಸುತ್ತು ಕಲಿಸು ಎಂದು ಪಟ್ಟು ಹಿಡಿದರು. ಎಡಗಡೆಯಿಂದ ಶುರುವಾಗಿ ಮುಟ್ಟುತ್ತ ಮುಟ್ಟುತ್ತ ಬಂದರು. ಬಸ್ಸಿನ ಅಭ್ಯಾಸಬಲದಿಂದ ಎರಡು ಸಲ ಟೈರಿಗೆ ಮಾತ್ರ ಒದ್ದು ಮುಂದಕ್ಕೆ ಹೋಗಿ, ಎರಡು ಸಲವೂ ಹೆಂಡತಿಯ ಕೈಯಲ್ಲಿ ಸಿಕ್ಕಿಬಿದ್ದರು. ಕೊನೆಯಲ್ಲಿ, ಮರದ ತುಂಡು ಎತ್ತಿಕೊಂಡ ಮೇಲೆ, ಅವರಾಗಿಯೇ ಒಂದನ್ನು ಸೇರಿಸಿದರು. ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು, ತಲೆ ಎತ್ತುವುದು. ಅದು ಮೆಣಸಿನ ಪಟ್ಟಿಯಲ್ಲಿರಲಿಲ್ಲ. ಅವನಿಗೆ ಚಾವಣಿ ಅಂಗೈಯಷ್ಟು ಗೊತ್ತು, ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಅಂದಿನಿಂದ ಅದೂ ಪಟ್ಟಿಗೆ ಸೇರಿತು.

ಹತ್ತಕ್ಕೆ ಮ್ಯಾನೇಜರ್ ಇಸ್ತ್ರಿ ಅಂಗಿಯಲ್ಲಿ, ಕಂಕುಳಲ್ಲಿ ಪುಸ್ತಕ ಹಿಡಿದು ಬಂದ. ಉಳಿದ ಎರಡು ಮನೆಯವರೂ ಸಾಮಾನು ಸರಂಜಾಮಿನೊಂದಿಗೆ ಬಂದರು. ಮತ್ತೆ ಚಹಾ. ಮ್ಯಾನೇಜರ್ ಒಂದನೇ ಗಾಡಿಯ ಬೀಗದ ಕೈಯನ್ನು ಫೋಟೋಗೆಂದು ಎತ್ತಿ ಹಿಡಿದಾಗ, ಮೆಣಸು ಗಾಡಿಯ ಮುಂದೆ ಬಂದು ನಿಂತ.

ಬಾಯಿ ತೆಗೆಯಬೇಡ ಎಂದಿರಲಿಲ್ಲವಾ ಎಂದು ಮ್ಯಾನೇಜರ್ ಗುಡುಗಿದ. ನಾನೇ ಕರೆದದ್ದು ಎಂದರು ಡ್ರೈವರು, ಬಸ್ಸು ತುಂಬಿದಾಗ ಹಿಂದಕ್ಕೆ ಸರಿಯಿರಿ ಎನ್ನುವ ಅದೇ ದನಿಯಲ್ಲಿ. ಮ್ಯಾನೇಜರ್ ತನಗೆ ಗೊತ್ತಾಗದೆಯೇ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ನಿನ್ನೆ ಪುಸ್ತಕ ತಪ್ಪು ಅಂದೆ. ಪುಸ್ತಕ ತಪ್ಪಲ್ಲ, ಅದು ಖಾಲಿ ಗಾಡಿಯ ಎತ್ತರ. ಏಸಿ ಕೂರಿಸಿದ ಮೇಲೆ ಬರೀಬೇಕಾದವನು ನಾನು, ಬರೀದೆ ಬಿಟ್ಟಿದ್ದೆ. ಇವರನ್ನ ಗಾಣದೆತ್ತು ಅಂದೆ. ಅದು ತಪ್ಪು." ಮೆಣಸು ಸೇತುವೆಯ ಕಡೆ ಕೈ ತೋರಿಸಿದ. "ಈ ಗಾಡಿ ಆ ಸೇತುವೆ ಕೆಳಗೆ ಹಿಡಿಸಲ್ಲ. ಹಿಂದಿನ ರಸ್ತೆಯಲ್ಲಿ ಹೋಗಬೇಕು."

ಅವನು ಬಾಗಿಲು ತೆಗೆದು, ಹಳೆಯ ಸ್ಟಿಕ್ಕರಿನ ಮೇಲೆ ಹೊಸದನ್ನು ಅಂಟಿಸಿ, ಹೆಬ್ಬೆರಳಿನಿಂದ ಗುಳ್ಳೆ ತೀಡಿದ. ಮಾರ್ಕರಿನ ಮುಚ್ಚಳ ಕಚ್ಚಿ ಎಳೆದ. ಬೆನ್ನ ಹಿಂದೆ ಹತ್ತು ಹನ್ನೆರಡು ಜೋಡಿ ಕಣ್ಣುಗಳಿರುವುದು ಬೆನ್ನಿಗೇ ಗೊತ್ತಾಗುತ್ತಿತ್ತು. ಒಂದು ಗೀಟು. ಪಕ್ಕದಲ್ಲಿ ಒಂದು ಸೊನ್ನೆ, ಒಂದು ಕಡೆ ಸ್ವಲ್ಪ ಒತ್ತಿದಂತೆ. ಅಡಿ. ಮೂರು ಬರೆಯುವಾಗ ಅದರ ಬಾಲ ಸ್ಟಿಕ್ಕರ್ ದಾಟಿ ಡ್ಯಾಶ್‌ಬೋರ್ಡಿನ ಮೇಲೂ ಹರಿಯಿತು. ಇಂಚು.

ಮ್ಯಾನೇಜರ್ ಕತ್ತು ಚಾಚಿ ನೋಡಿದ. ಕೈ ಜಾರಿಹೋದ ಸಭೆಯನ್ನು ಮತ್ತೆ ಹಿಡಿಯುವ ಆಸೆ ಅವನಿಗೆ. "ಅಯ್ಯೋ ದೇವರೇ, ಕೋಳಿ ಕೆದರಿದ ಹಾಗಿದೆ," ಎಂದು ಎಲ್ಲರ ಕಡೆ ತಿರುಗಿದ. "ಲಕ್ಷಣವಾಗಿರೋ ಗಾಡಿ ಕೆಡಿಸಿದ. ಇದನ್ನ ಯಾರಾದ್ರೂ ಓದೋಕೆ ಆಗುತ್ತಾ?"

ಎರಡನೇ ಗಾಡಿಯವರಲ್ಲಿ ಒಬ್ಬರು ನಿನ್ನೆಯ ರೂಢಿಯಲ್ಲಿ ನಗಲು ಬಾಯಿ ತೆರೆದು, ಅಕ್ಕಪಕ್ಕ ನೋಡಿ ಮುಚ್ಚಿಕೊಂಡರು. ನರ್ಸಮ್ಮ ಕನ್ನಡಕ ಏರಿಸಿ ಮುಂದೆ ಬಾಗಿದರು.

"ಹತ್ತು ಅಡಿ ಮೂರು ಇಂಚು," ಎಂದು ಗಟ್ಟಿಯಾಗಿ ಓದಿದರು.

"ಹತ್ತು ಅಡಿ ಮೂರು ಇಂಚು," ಎಂದರು ಡ್ರೈವರು. ಆಮೇಲೆ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು, ತಲೆ ಎತ್ತಿದರು. ಅವರನ್ನು ನೋಡಿ ಉಳಿದವರೂ ತಂತಮ್ಮ ಗಾಡಿಗಳ ನೆತ್ತಿಯ ಕಡೆ ನೋಡತೊಡಗಿದರು. ಎರಡನೇ ಗಾಡಿಯ ಹೆಂಗಸು ಮೆಣಸಿನ ಹತ್ತಿರ ಬಂದು, ನಮ್ಮದನ್ನೂ ಒಂದು ಸಲ ಅಳೆದು ಕೊಡ್ತೀರಾ ಎಂದು ಕೇಳಿದರು. ಕೊಡ್ತೀರಾ ಎಂದು. ಬೇರೆ ಯಾರನ್ನೋ ಕೇಳಿರಬೇಕೆಂದು ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಮಾವ ಒಬ್ಬನೇ ಇದ್ದ, ಮಾವ ಮುಖ ಬೇರೆ ಕಡೆ ತಿರುಗಿಸಿ ಮೂಗು ಒರೆಸಿಕೊಳ್ಳುತ್ತಿದ್ದ.

ಡ್ರೈವರ ಗಾಡಿ ಹಿಂದಿನ ಗೇಟಿನ ಕಡೆ ರಿವರ್ಸ್ ಬಂತು. ನರ್ಸಮ್ಮ ಕನ್ನಡಿಯಲ್ಲಿ ಕಾಣುವಲ್ಲಿ ನಿಂತು, ಬಾಯಿ ಬಿಗಿಹಿಡಿದು, ಕೈಯಿಂದ ಮಾತ್ರ ಬನ್ನಿ ಬನ್ನಿ ಎಂದರು. ಆಮೇಲೆ ಹತ್ತಿ ಗಂಡನ ಪಕ್ಕದಲ್ಲಿ ಕೂತರು. ಹಾರ್ನು ಎರಡು ಸಲ ಕೂಗಿತು.

"ಏನೋ, ನಿನ್ನೆ ಅಷ್ಟುದ್ದ ಇತ್ತಲ್ಲ ಬಾಯಿ," ಮ್ಯಾನೇಜರ್ ಬಿಡಲಿಲ್ಲ, ಎಲ್ಲರಿಗೂ ಕೇಳುವಂತೆಯೇ ಅಂದ. "ಕೋಳಿ ಅಂದಿದ್ದಕ್ಕೆ ಉತ್ತರ ಇಲ್ವಾ?"

ಇತ್ತು. ಮೂರು ಉತ್ತರ ಒಂದರ ಮೇಲೊಂದು ನಾಲಿಗೆಯ ತುದಿಗೇ ಬಂದು ನಿಂತಿದ್ದವು, ಮೂರೂ ಖಾರವಾಗಿದ್ದವು. ಮೆಣಸು ಮಾರ್ಕರಿಗೆ ಮುಚ್ಚಳ ಹಾಕಿ, ಅಂಗಿಯ ಜೇಬಿಗೆ, ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡ. ಮಾವನ ಕೈಯಿಂದ ಹತ್ತು ಅಡಿಯ ಪಟ್ಟಿ ತೆಗೆದುಕೊಂಡು ಹೆಗಲಿಗೇರಿಸಿ, ಎರಡನೇ ಗಾಡಿಯ ಕಡೆ ನಡೆದ.